ಟೆಫ್ಲಾನ್ ಕೀ ಇರುವ 50 ಮಿ.ಲೀ. ಬ್ಯುರೆಟ್: ಧಾರಾಳವಾಗಿ ಕೊಳ್ಳಿ, ನಟ್ ಮೇಲೆ ಒಂದು ಕಣ್ಣಿರಲಿ

ಲ್ಯಾಬ್ ಸಾಮಾನು ಮಾರುವ ಜಾಲತಾಣಗಳಲ್ಲಿ ಬ್ಯುರೆಟ್ (ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ, ಗೆರೆ ಹಾಕಿದ ಗಾಜಿನ ಕೊಳವೆ) ಕೊಂಡವರ ಅಭಿಪ್ರಾಯಗಳನ್ನು ಓದಿದರೆ ಎರಡೇ ಸಂಗತಿ ತಿಳಿಯುತ್ತವೆ: ಪ್ಯಾಕಿಂಗ್ ಗಟ್ಟಿಯಾಗಿತ್ತು, ಸರಕು ಹೇಳಿದ ದಿನಕ್ಕೆ ಬಂತು. ಒಳಗೆ ದ್ರಾವಣ ಸುರಿದು ನೋಡಿದವರು ಯಾರೂ ಬರೆದಂತಿಲ್ಲ. ತುಮಕೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಬಿ.ಎಸ್ಸಿ. ಮೊದಲ ವರ್ಷದ ಹುಡುಗರ ಕೈಯಲ್ಲಿ ಒಂದು ಇಡೀ ಶೈಕ್ಷಣಿಕ ವರ್ಷ ಒದ್ದಾಡಿದ ಬ್ಯುರೆಟ್‌ಗಳ ಬಗ್ಗೆ ಬರೆಯುತ್ತಿದ್ದೇನೆ. ಬೇರೆ ಕಾಲೇಜಿನ ಸ್ನೇಹಿತರು ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ, ಇನ್ನು ಮುಂದೆ ಇದನ್ನೇ ಕಳಿಸಿಬಿಡುತ್ತೇನೆ.

ಬಂದದ್ದು ಎರಡು ಡಜನ್. ಬೋರೋಸಿಲಿಕೇಟ್ ಗಾಜು, 50 ಮಿ.ಲೀ. ಅಳತೆ, 0.1 ಮಿ.ಲೀ. ಗೆರೆಗಳು, ‘ಬಿ’ ದರ್ಜೆ, ತಿರುಗಿಸಿ ದ್ರಾವಣ ಬಿಡುವ, ನಿಲ್ಲಿಸುವ ಬಿಳಿಯ ಟೆಫ್ಲಾನ್ ಕೀ, ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ನಟ್. ಕಂಪನಿಯ ಹೆಸರು ಹೇಳುವುದಿಲ್ಲ. ಇದೇ ಮಾದರಿಯನ್ನು ಹಲವಾರು ಕಂಪನಿಗಳು ಮಾಡುತ್ತವೆ, ಮತ್ತು ನಾನು ಹೇಳಹೊರಟಿರುವ ಗುಣದೋಷಗಳು ಹೆಚ್ಚುಕಡಿಮೆ ಈ ಮಾದರಿಗೇ ಸೇರಿದವು. ಒಂದಕ್ಕೆ ಏಳುನೂರು ರೂಪಾಯಿಯ ಆಸುಪಾಸು ಬಿತ್ತು. ರಬ್ಬರ್ ಕೊಳವೆಯ ಹಳೆಯ ಮಾದರಿ ಅದರ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತಿತ್ತು. ಕಡತ ಪ್ರಾಂಶುಪಾಲರ ಮೇಜಿಗೆ ಹೋದಾಗ ಅವರು ಕೇಳಿದ್ದೂ ಅದನ್ನೇ: ‘ಎರಡರಲ್ಲೂ ದ್ರಾವಣ ಕೆಳಗೇ ತಾನೇ ಬೀಳುವುದು?’ ಅವರು ಇತಿಹಾಸದ ಮೇಷ್ಟರು. ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಮ್ಮ ಬಹುತೇಕ ಪಿಯು ಮತ್ತು ಪದವಿ ಕಾಲೇಜುಗಳಲ್ಲಿ ಇಂದಿಗೂ ಸ್ಟ್ಯಾಂಡಿನಲ್ಲಿ ನಿಂತಿರುವುದು ರಬ್ಬರ್ ಕೊಳವೆಯ ಬ್ಯುರೆಟ್. ಗಾಜಿನ ಕೊಳವೆಯ ತುದಿಗೆ ಎರಡು ಅಂಗುಲ ರಬ್ಬರ್, ಅದರ ತುದಿಗೆ ಗಾಜಿನ ನಾಜಲ್, ನಡುವೆ ಹಿತ್ತಾಳೆ ಅಥವಾ ಉಕ್ಕಿನ ಪಿಂಚ್‌ಕಾಕ್. ಈ ಕ್ಲಿಪ್ಪಿನ ಏರ್ಪಾಡು ಕಾರ್ಲ್ ಫ್ರೆಡ್ರಿಕ್ ಮೋರ್ ಎಂಬ ಜರ್ಮನ್ ಔಷಧ ತಯಾರಕನದು. ಹತ್ತೊಂಬತ್ತನೆಯ ಶತಮಾನದ ನಡುವಿನ ಮಾತು. ನಮ್ಮ ಹುಡುಗರು ಪರ್ಮ್ಯಾಂಗನೇಟಿನ ಎದುರು ಟೈಟ್ರೇಟ್ ಮಾಡುವ (ಕ್ರಿಯೆ ಮುಗಿಯಲು ಎಷ್ಟು ದ್ರಾವಣ ಬೇಕೆಂದು ಅಳೆಯುವ) ಮೋರ್ ಸಾಲ್ಟಿಗೂ ಅವನದೇ ಹೆಸರು. ಅವನ ಕಾಲಕ್ಕೆ ಅದು ದೊಡ್ಡ ಉಪಕಾರ. ಗಾಜಿನ ನಲ್ಲಿ ದುಬಾರಿಯಾಗಿದ್ದ, ಕ್ಷಾರ ಹಾಕಿದರೆ ಕಚ್ಚಿಕೊಳ್ಳುತ್ತಿದ್ದ ದಿನಗಳಲ್ಲಿ ಬಡ ಪ್ರಯೋಗಾಲಯಗಳನ್ನು ನಡೆಸಿದ್ದು ಆ ರಬ್ಬರ್ ತುಂಡು. ಆದರೆ ಪರ್ಮ್ಯಾಂಗನೇಟ್, ಅಯೋಡಿನ್, ಸಿಲ್ವರ್ ನೈಟ್ರೇಟ್ ಈ ಮೂರನ್ನೂ ರಬ್ಬರಿಗೆ ಸೋಕಿಸಬಾರದು ಎಂದು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ. ಪಾಠ ಮುಗಿಸಿ ಲ್ಯಾಬಿಗೆ ಬಂದು ಅದೇ ರಬ್ಬರಿನ ಮೂಲಕ ಪರ್ಮ್ಯಾಂಗನೇಟ್ ಬಿಡುತ್ತೇವೆ. ರಬ್ಬರ್ ಅದನ್ನು ಅಪಕರ್ಷಿಸುತ್ತದೆ, ತಾನು ಒಳಗಿಂದ ಕಂದು ಬಣ್ಣಕ್ಕೆ ತಿರುಗಿ ಬಿರುಸಾಗುತ್ತದೆ, ತಿಂಗಳು ಕಳೆಯುವುದರೊಳಗೆ ಬಿರುಕು ಬಿಡುತ್ತದೆ. ಹುಡುಗರ ಮೊದಲ ರೀಡಿಂಗ್ ಯಾವಾಗಲೂ ಉಳಿದವುಗಳಿಗಿಂತ ಹೆಚ್ಚು ಬರುವುದರಲ್ಲಿ ಅವರ ಅವಸರದ ಪಾಲು ಎಷ್ಟಿದೆಯೋ ಈ ರಬ್ಬರಿನ ಪಾಲೂ ಇದೆ.

ಇನ್ನೊಂದು ತೊಂದರೆ ಬೆರಳಿನದು. ಪಿಂಚ್‌ಕಾಕ್ ಒತ್ತಿದರೆ ಧಾರೆ, ಬಿಟ್ಟರೆ ನಿಂತಿತು. ನಡುವೆ ಏನೂ ಇಲ್ಲ. ಪಳಗಿದ ಕೈ ಅದರಲ್ಲೂ ಹನಿ ಹನಿಯಾಗಿ ಬಿಡುತ್ತದೆ, ನಿಜ. ಆದರೆ ಮೊದಲ ಸಲ ಬ್ಯುರೆಟ್ ಮುಟ್ಟಿದ ಹುಡುಗಿ ಒತ್ತಿದ ಕೂಡಲೇ ಅರ್ಧ ಮಿ.ಲೀ. ಇಳಿದುಹೋಗಿರುತ್ತದೆ. ಎಂಡ್ ಪಾಯಿಂಟ್ (ಕ್ರಿಯೆ ಮುಗಿದದ್ದು ಬಣ್ಣದಿಂದ ತಿಳಿಯುವ ಘಟ್ಟ) ದಾಟಿ ಫ್ಲಾಸ್ಕ್ ಕಡು ಗುಲಾಬಿಯಾಗಿರುತ್ತದೆ. ಆಮೇಲೆ ಆಕೆ ಮಾಡುವುದೇನು ಎಂಬುದು ಲ್ಯಾಬಿನಲ್ಲಿ ನಿಂತ ಪ್ರತಿಯೊಬ್ಬ ಮೇಷ್ಟರಿಗೂ ಗೊತ್ತು. ಪಕ್ಕದ ಸ್ಟ್ಯಾಂಡಿನವರ ರೆಕಾರ್ಡ್ ಇಣುಕಿ 9.8, 9.8, 9.8 ಎಂದು ಮೂರು ಸಾಲು ಬರೆಯುತ್ತಾಳೆ. ಮೂರೂ ಒಂದೇ ಬಂದದ್ದಕ್ಕೆ ನಾವೂ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತೇವೆ. ಉಪಕರಣ ಕೈಕೊಟ್ಟಾಗ ಪ್ರಾಮಾಣಿಕತೆಯ ಉಪದೇಶ ಎಷ್ಟು ಮಾಡಿದರೂ ದಂಡ.

ಪೂರ್ತಿ ಗಾಜಿನ ಸ್ಟಾಪ್‌ಕಾಕ್ ಇರುವ ಬ್ಯುರೆಟ್‌ಗಳೂ ನಮ್ಮ ಬೀರುವಿನಲ್ಲಿ ಕೆಲವಿವೆ. ಅವುಗಳ ಕಥೆ ಚಿಕ್ಕದು. ಪ್ರತಿ ಕೀಯನ್ನೂ ಅದರದೇ ತೂತಿಗೆ ಉಜ್ಜಿ ಹೊಂದಿಸಿರುತ್ತಾರೆ. ಒಂದರ ಕೀ ಇನ್ನೊಂದಕ್ಕೆ ಹಾಕಿದರೆ ಸೋರುತ್ತದೆ. ತೊಳೆಯುವ ದಿನ ಹತ್ತು ಕೀಗಳನ್ನು ಒಂದೇ ಟ್ರೇಗೆ ಸುರಿದರೆ ಹತ್ತೂ ಬ್ಯುರೆಟ್ ಕೆಟ್ಟಂತೆ. ವ್ಯಾಸಲಿನ್ ಕಡಿಮೆ ಸವರಿದರೆ ತಿರುಗುವುದಿಲ್ಲ, ಹೆಚ್ಚಾದರೆ ನಾಜಲ್ ಕಟ್ಟುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ತುಂಬಿ ಸಂಜೆ ತೊಳೆಯದೆ ಬಿಟ್ಟರೆ ಕ್ಷಾರ ಆ ಉಜ್ಜಿದ ಗಾಜನ್ನು ತಿಂದು ಕೀ ಅಲ್ಲೇ ಕಚ್ಚಿಕೊಳ್ಳುತ್ತದೆ. ಬಿಸಿನೀರಲ್ಲಿಡು, ತಟ್ಟು, ತಿರುಚು; ಕೊನೆಗೆ ಕೈಯಲ್ಲಿ ಎರಡು ತುಂಡು.

ಟೆಫ್ಲಾನ್ ಇವೆಲ್ಲದರಿಂದ ಒಂದೇ ಏಟಿಗೆ ಪಾರು ಮಾಡುತ್ತದೆ. 1938ರಲ್ಲಿ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಶೈತ್ಯಕಾರಿ ಅನಿಲಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಸಿಲಿಂಡರಿನೊಳಗೆ ಗಟ್ಟಿಯಾಗಿ ಕುಳಿತಿದ್ದ ಬಿಳಿ ಪುಡಿ ಇದು. ಕಾರ್ಬನ್ ಸರಪಳಿಯ ಸುತ್ತ ಫ್ಲೋರಿನ್ ಕವಚ. ಆಮ್ಲ, ಕ್ಷಾರ, ಪರ್ಮ್ಯಾಂಗನೇಟ್ ಯಾವುದೂ ಅದನ್ನು ಮುಟ್ಟುವುದಿಲ್ಲ. ಗಾಜಿಗೆ ಅಂಟುವುದೂ ಇಲ್ಲ, ಆದ್ದರಿಂದ ಗ್ರೀಸ್ ಬೇಡ. ನಮ್ಮಲ್ಲಿ ಬೆಳಗಿನ ಬ್ಯಾಚ್ ಕ್ಷಾರ ತುಂಬುತ್ತದೆ, ಮಧ್ಯಾಹ್ನದ ಬ್ಯಾಚ್ ಪರ್ಮ್ಯಾಂಗನೇಟ್ ತುಂಬುತ್ತದೆ. ನಡುವೆ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಹೊಸ ದ್ರಾವಣದಿಂದ ಒಮ್ಮೆ ಜಾಲಿಸಿದರೆ ಸಾಕು. ವರ್ಷ ಕಳೆದರೂ ಒಂದು ಕೀ ಕೂಡ ಕಚ್ಚಿಕೊಂಡಿಲ್ಲ.

ಆದರೆ ನಾನು ಈ ಬ್ಯುರೆಟ್ ಮೆಚ್ಚಿರುವುದು ತೊಳೆಯುವ ಅನುಕೂಲಕ್ಕಲ್ಲ. ಹನಿಗಾಗಿ. ಎಡಗೈಯನ್ನು ಕೊಳವೆಯ ಸುತ್ತ ಬಳಸಿ ತಂದು ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಕೀ ಹಿಡಿಯಬೇಕು, ಬಲಗೈ ಫ್ಲಾಸ್ಕ್ ಅಲುಗಿಸುತ್ತಿರಬೇಕು. ಕೀಯನ್ನು ತಿರುಗಿಸುತ್ತಾ ಹೋದಂತೆ ಧಾರೆ ತೆಳುವಾಗಿ, ಹನಿಗಳಾಗಿ ಒಡೆದು, ಆಮೇಲೆ ನಿಧಾನವಾಗಿ ಒಂದೊಂದೇ ಹನಿ. ಇನ್ನೂ ಒಂದು ಕೂದಲೆಳೆ ತಿರುಗಿಸಿದರೆ ನಾಜಲಿನ ತುದಿಯಲ್ಲಿ ಹನಿ ಅರ್ಧ ಊದಿ ಬೀಳದೆ ನಿಲ್ಲುತ್ತದೆ. ಆ ಅರ್ಧ ಹನಿಯನ್ನು ಫ್ಲಾಸ್ಕಿನ ಒಳಗೋಡೆಗೆ ತಾಗಿಸಿ, ವಾಷ್ ಬಾಟಲಿಯಿಂದ ಒಂದು ಚೂರು ನೀರು ಚಿಮ್ಮಿಸಿ ಒಳಗೆ ಇಳಿಸಬಹುದು. ಸುಮಾರು ಇಪ್ಪತ್ತು ಹನಿಗೆ ಒಂದು ಮಿ.ಲೀ. ಎಂದರೆ ಒಂದು ಹನಿ 0.05 ಮಿ.ಲೀ. ಹತ್ತು ಮಿ.ಲೀ. ಟೈಟ್ರೇಶನ್‌ನಲ್ಲಿ ಅದು ಶೇ. 0.5. ಈ ಲೆಕ್ಕವನ್ನು ಹಲಗೆಯ ಮೇಲೆ ವರ್ಷಗಟ್ಟಲೆ ಬರೆದಿದ್ದೇನೆ. ಹುಡುಗರಿಗೆ ಅದು ಅರ್ಥವಾದದ್ದು ತಮ್ಮ ಬೆರಳ ತುದಿಯಲ್ಲಿ ಹನಿ ನಿಂತಾಗ.

ಹನಿ ಕೈಗೆ ಸಿಕ್ಕರೆ ಏನೇನು ತೋರಿಸಬಹುದು ಎಂಬುದಕ್ಕೆ ಒಂದು ಪ್ರಯೋಗ ಹೇಳುತ್ತೇನೆ, ಏಕೆಂದರೆ ಈ ಬ್ಯುರೆಟ್ ಬರುವವರೆಗೂ ಅದನ್ನು ನಾನು ಬಾಯಲ್ಲೇ ಮಾಡಿ ಮುಗಿಸುತ್ತಿದ್ದೆ. ಆಕ್ಸಾಲಿಕ್ ಆಮ್ಲ ಮತ್ತು ಪರ್ಮ್ಯಾಂಗನೇಟ್ ಟೈಟ್ರೇಶನ್ ಎಲ್ಲರಿಗೂ ಗೊತ್ತು. ಸಾರರಿಕ್ತ ಗಂಧಕಾಮ್ಲ ಹಾಕಿ 60ರಿಂದ 70 ಡಿಗ್ರಿಗೆ ಬಿಸಿ ಮಾಡಿ ಬ್ಯುರೆಟ್‌ನಿಂದ ಪರ್ಮ್ಯಾಂಗನೇಟ್ ಬಿಡಬೇಕು. ಮೊದಲ ಹನಿಯ ಬಣ್ಣ ಹೋಗಲು ತಡವಾಗುತ್ತದೆ. ಆಮೇಲಿನವು ಬಿದ್ದ ತಕ್ಷಣ ಮಾಯ. ‘ಯಾಕೆ ಹೇಳಿ’ ಎಂದರೆ ಹುಡುಗರು ‘ಆಟೋಕ್ಯಾಟಲಿಸಿಸ್ ಮೇಡಂ’ ಎಂದು ಒಂದೇ ರಾಗದಲ್ಲಿ ಹೇಳುತ್ತಾರೆ. ಕಂಠಪಾಠ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಕ್ರಿಯೆಯನ್ನು ಚುರುಕುಗೊಳಿಸುತ್ತದೆ ಎಂಬುದು ಪುಸ್ತಕದಲ್ಲಿದೆ, ಪರೀಕ್ಷೆಯಲ್ಲಿ ಬರೆದರೆ ಅಂಕವೂ ಇದೆ.

ಈ ಸಲ ಎರಡು ಫ್ಲಾಸ್ಕ್ ಇಟ್ಟೆವು. ಎರಡಕ್ಕೂ ಒಂದೇ ಅಳತೆಯ ಆಕ್ಸಾಲಿಕ್ ಆಮ್ಲ, ಒಂದೇ ಅಳತೆಯ ಗಂಧಕಾಮ್ಲ. ಬಿಸಿ ಮಾಡಲಿಲ್ಲ, ಕೋಣೆಯ ಉಷ್ಣತೆಯಲ್ಲೇ ಇಟ್ಟೆವು, ವ್ಯತ್ಯಾಸ ಕಣ್ಣಿಗೆ ರಾಚಲಿ ಎಂದು. ಒಂದಕ್ಕೆ ಮಾತ್ರ ಚಿಟಿಕೆ ಮ್ಯಾಂಗನೀಸ್ ಸಲ್ಫೇಟ್. ಇಬ್ಬರು ಹುಡುಗಿಯರು ಎರಡು ಬ್ಯುರೆಟ್‌ಗಳಿಂದ ಒಂದೇ ಹೊತ್ತಿಗೆ ಮೂರು ಮೂರು ಹನಿ ಬಿಟ್ಟರು. ಉಪ್ಪು ಹಾಕಿದ ಫ್ಲಾಸ್ಕಿನಲ್ಲಿ ಗುಲಾಬಿ ಬಣ್ಣ ಕಂದಾಗಿ, ಹಳದಿಯಾಗಿ, ನೋಡನೋಡುತ್ತಿದ್ದಂತೆ ನೀರಿನಷ್ಟು ತಿಳಿಯಾಯಿತು. ಪಕ್ಕದ್ದು ಇನ್ನೂ ಗುಲಾಬಿಯಾಗಿಯೇ ಕುಳಿತಿತ್ತು. ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಿದ್ದ ಹುಡುಗ ‘ಇದು ಕೆಟ್ಟುಹೋಗಿದೆ ಮೇಡಂ’ ಎಂದ. ಕೆಟ್ಟಿಲ್ಲ, ಇನ್ನೂ ಹೊರಟಿಲ್ಲ ಅಷ್ಟೇ ಎಂದೆ. ಅದೂ ಬಣ್ಣ ಕಳೆದುಕೊಂಡ ಮೇಲೆ ಮತ್ತೆ ಮೂರು ಹನಿ ಬಿಡಿಸಿದೆ. ಈ ಸಲ ಬೇಗ ಹೋಯಿತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: ‘ಹಾಗಾದರೆ ಮೊದಲನೆಯ ಹನಿಗೆ ವೇಗವರ್ಧಕ ಎಲ್ಲಿಂದ ಬಂತು?’ ಅಷ್ಟು ವರ್ಷ ಬಾಯಲ್ಲಿ ಪಾಠ ಮಾಡಿದಾಗ ಒಬ್ಬರೂ ಕೇಳದ ಪ್ರಶ್ನೆ. ರಬ್ಬರಿನ ಬ್ಯುರೆಟ್‌ನಲ್ಲಿ ಇಬ್ಬರು ಹೊಸಬರಿಂದ ಎಣಿಸಿ ಮೂರು ಹನಿ ಬಿಡಿಸಲು ನನ್ನಿಂದ ಆಗುತ್ತಿರಲಿಲ್ಲ.

ಪ್ರಾಂಶುಪಾಲರ ಪ್ರಶ್ನೆಗೆ ಇದು ಉತ್ತರದ ಅರ್ಧ. ಉಳಿದರ್ಧ ನಿಖರತೆಯದು, ಮತ್ತು ಅಲ್ಲಿ ಹೊಗಳಿಕೆಗೆ ಸ್ವಲ್ಪ ಕಡಿವಾಣ ಹಾಕಬೇಕು.

‘ಬಿ’ ದರ್ಜೆಯ 50 ಮಿ.ಲೀ. ಬ್ಯುರೆಟ್‌ಗೆ 0.1 ಮಿ.ಲೀ. ವರೆಗೆ ಹೆಚ್ಚುಕಡಿಮೆಯಾಗಲು ಮಾನಕದಲ್ಲೇ ಅನುಮತಿ ಇದೆ. ‘ಎ’ ದರ್ಜೆಗೆ ಅದರ ಅರ್ಧ, 0.05. ಅಂದರೆ ನಿಮ್ಮ ಕೈ ಎಷ್ಟೇ ಪಳಗಿರಲಿ, ಕೊಳವೆಯೇ ಎರಡು ಹನಿಯಷ್ಟು ಸುಳ್ಳು ಹೇಳಬಹುದು. ನಿಜವಾಗಿ ಎಷ್ಟು ಹೇಳುತ್ತದೆ ಎಂದು ನೋಡಲು ದುಬಾರಿ ಯಂತ್ರವೇನೂ ಬೇಡ, ತಕ್ಕಡಿ ಸಾಕು. ಬಾಟಲಿಯ ತೂಕ ನೋಡಿ, ಬ್ಯುರೆಟ್‌ನಿಂದ ಡಿಸ್ಟಿಲ್ಡ್ ನೀರು ಹತ್ತು ಮಿ.ಲೀ. ಬಿಟ್ಟು, ಮತ್ತೆ ತೂಗಿ. ನೀರಿನ ಉಷ್ಣತೆ 25 ಡಿಗ್ರಿ ಇದ್ದರೆ 9.96 ಗ್ರಾಂ ಆಸುಪಾಸು ಬರಬೇಕು. ಹತ್ತಕ್ಕೆ ಹತ್ತು ಬರುವುದಿಲ್ಲ ಎಂಬುದೇ ಹುಡುಗರಿಗೆ ಮೊದಲ ಆಘಾತ: ಒಂದು ಮಿ.ಲೀ. ನೀರೆಂದರೆ ಒಂದು ಗ್ರಾಂ ಎಂದು ಏಳನೆಯ ತರಗತಿಯಿಂದ ನಂಬಿಕೊಂಡು ಬಂದವರು. ಆ ಮಾತು 4 ಡಿಗ್ರಿಯ ನೀರಿಗೆ ಸರಿ. ತುಮಕೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಅಲ್ಲ. ನಮ್ಮ ದೇಶದ ಗಾಜಿನ ಸಾಮಾನುಗಳ ಮೇಲೆ ಸಾಮಾನ್ಯವಾಗಿ 27 ಡಿಗ್ರಿ ಎಂದು ಅಚ್ಚಾಗಿರುತ್ತದೆ, ಯೂರೋಪಿನವುಗಳ ಮೇಲೆ 20 ಎಂದು. ಅದು ಏಕೆ ಅಲ್ಲಿದೆ ಎಂದು ಯೋಚಿಸುವ ಸಂದರ್ಭ ಹುಡುಗರಿಗೆ ಬಂದದ್ದೇ ಈ ತೂಕ ಹಾಕುವ ಕೆಲಸದಲ್ಲಿ.

ಇದನ್ನು ನಾನು ಈಗ ವರ್ಷದ ಮೊದಲ ಪ್ರಯೋಗವನ್ನಾಗಿ ಮಾಡಿದ್ದೇನೆ. ಪ್ರತಿ ಜೋಡಿ ತಮ್ಮ ಬ್ಯುರೆಟ್ ಅನ್ನು ಹತ್ತು, ಇಪ್ಪತ್ತು, ಮೂವತ್ತು, ನಲವತ್ತರ ಗೆರೆಗಳಲ್ಲಿ ತೂಗಿ, ಎಲ್ಲಿ ಎಷ್ಟು ವ್ಯತ್ಯಾಸ ಎಂದು ಚೀಟಿ ಬರೆದು ಅಂಟಿಸಬೇಕು. ನಮ್ಮ ಎರಡು ಡಜನ್‌ನಲ್ಲಿ ಹೆಚ್ಚಿನವು ಅನುಮತಿಯ ಒಳಗೇ ಇದ್ದವು, ಹಲವು ಬಹಳ ಚೆನ್ನಾಗಿದ್ದವು. ಎರಡು ಮಾತ್ರ ಮೂವತ್ತರ ಕೆಳಗೆ ಹದ ತಪ್ಪಿದವು. ಅವನ್ನು ಪಕ್ಕಕ್ಕಿಟ್ಟು ಕ್ಷಾರ ಜಾಲಿಸಲು, ಪ್ರದರ್ಶನಕ್ಕೆ ಬಳಸುತ್ತೇವೆ. ಆ ಬೆಲೆಗೆ ಇದು ದೂರುವಂಥದ್ದಲ್ಲ. ‘ಎ’ ದರ್ಜೆಯ, ಪ್ರಮಾಣಪತ್ರ ಸಹಿತ ಬರುವ ಬ್ಯುರೆಟ್‌ಗೆ ಹಲವು ಪಟ್ಟು ಕೊಡಬೇಕು, ಕಲಿಯುವ ಕೈಗೆ ಅದು ಬೇಕಿಲ್ಲ. ಒಂದೇ ಒಂದು ‘ಎ’ ದರ್ಜೆಯದು ಇಟ್ಟುಕೊಂಡರೆ ಹೋಲಿಸಿ ತೋರಿಸಲು ಆದೀತು. ಬದಲಿಗೆ ಫ್ಲಾಸ್ಕಿಗೆ ದ್ರಾವಣ ಅಳೆದು ಹಾಕುವ ಹತ್ತು ಮಿ.ಲೀ. ಪಿಪೆಟ್ ಬಿಟ್ಟು ಇಪ್ಪತ್ತೈದರದ್ದು ಬಳಸಿ. ಟೈಟರ್ (ಬ್ಯುರೆಟ್ಟಿನಿಂದ ಇಳಿದ ಅಳತೆ) ಇಪ್ಪತ್ತೈದರ ಹತ್ತಿರ ಬಂದರೆ ಅದೇ 0.1 ಮಿ.ಲೀ. ತಪ್ಪು ಶೇ. 1ರಿಂದ ಶೇ. 0.4ಕ್ಕೆ ಇಳಿಯುತ್ತದೆ, ಹೆಚ್ಚು ಖರ್ಚಾಗುವುದು ದ್ರಾವಣ ಮಾತ್ರ.

ಗೆರೆಗಳ ಬಗ್ಗೆ. ಬಿಳಿ ಹಿನ್ನೆಲೆಯಲ್ಲಿ ನೀಲಿ ಪಟ್ಟಿ ಇರುವ ಮಾದರಿಯೂ ಸಿಗುತ್ತದೆ. ಬಣ್ಣವಿಲ್ಲದ ದ್ರಾವಣಕ್ಕೆ ಅದು ಸೊಗಸು, ಮೆನಿಸ್ಕಸ್ (ದ್ರಾವಣದ ಬಾಗಿದ ಮೇಲ್ಮೈ) ಇರುವಲ್ಲಿ ಪಟ್ಟಿ ಎರಡು ಮೊನೆಗಳಾಗಿ ಕೂಡಿದಂತೆ ಕಾಣುತ್ತದೆ. ಪರ್ಮ್ಯಾಂಗನೇಟ್ ತುಂಬಿದರೆ ಪಟ್ಟಿಯೂ ಇಲ್ಲ ಮೊನೆಯೂ ಇಲ್ಲ, ಮೇಲಂಚನ್ನೇ ಓದಬೇಕು. ನಾವು ಪಟ್ಟಿ ಇಲ್ಲದ್ದನ್ನೇ ಕೊಂಡೆವು. ಅಚ್ಚಿನ ಬಿಳಿ ಗೆರೆಗಳು ಗಾಢ ಬಣ್ಣದ ದ್ರಾವಣದ ಎದುರು ಚೆನ್ನಾಗಿ ಕಾಣುತ್ತವೆ, ನೀರಿನಂಥ ದ್ರಾವಣ ತುಂಬಿದಾಗ ಹಿಂದೆ ಕಪ್ಪು ಕಾಗದ ಹಿಡಿಯಬೇಕು. ಕೆಲವು ಬ್ಯುರೆಟ್‌ಗಳಲ್ಲಿ 0ಯಿಂದ 5ರ ನಡುವೆ ಅಚ್ಚು ಆಗಲೇ ಮಸುಕಾಗುತ್ತಿದೆ. ತುಂಬುವಾಗ ಚೆಲ್ಲಿದ ಕ್ಷಾರ, ಹಿಡಿಯುವ ಬೆರಳು, ಎರಡೂ ತಗಲುವುದು ಅಲ್ಲೇ. ಕಂದು ಬಣ್ಣದ ಗೆರೆಗಳನ್ನು ಗಾಜಿಗೇ ಸುಟ್ಟು ಕೂರಿಸಿರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ.

ಇನ್ನು ನಟ್. ಈ ಬ್ಯುರೆಟ್‌ನ ದೌರ್ಬಲ್ಯವೆಲ್ಲ ಆ ಬೆರಳಗಲದ ಪ್ಲಾಸ್ಟಿಕ್‌ನಲ್ಲಿದೆ. ಬಿಸಿಗೆ ಗಾಜಿಗಿಂತ ಟೆಫ್ಲಾನ್ ಬಹಳ ಹೆಚ್ಚು ಹಿಗ್ಗುತ್ತದೆ, ತಂಪಿಗೆ ಅಷ್ಟೇ ಕುಗ್ಗುತ್ತದೆ. ಡಿಸೆಂಬರ್ ಬೆಳಗಿನ ಬ್ಯಾಚಿಗೆ ಬಂದರೆ ನಿನ್ನೆ ಸರಿಯಿದ್ದ ಬ್ಯುರೆಟ್ ಕೀಯ ಪಕ್ಕದಿಂದ ಸೋರುತ್ತಿರುತ್ತದೆ. ಕಾಲು ಸುತ್ತು ಬಿಗಿ ಮಾಡಿದರೆ ನಿಲ್ಲುತ್ತದೆ. ಅದೇ ಬಿಗಿಯಲ್ಲಿ ಬಿಟ್ಟರೆ ಮಾರ್ಚ್ ತಿಂಗಳಲ್ಲಿ ಕೀ ತಿರುಗಿಸಲು ಎರಡು ಕೈ ಬೇಕು, ಹಟಕ್ಕೆ ತಿರುಗಿಸಿದರೆ ಕುತ್ತಿಗೆಯ ಗಾಜು ಹೋಗುತ್ತದೆ. ಹುಡುಗರ ಸ್ವಭಾವ ಬೇರೆ: ಸೋರುವುದು ಕಂಡರೆ ಶಕ್ತಿಯೆಲ್ಲ ಹಾಕಿ ಬಿಗಿಯುತ್ತಾರೆ. ಟೆಫ್ಲಾನ್ ಮೆದು, ಒತ್ತಡದಲ್ಲಿ ನಿಧಾನವಾಗಿ ಆಕಾರ ಬಿಡುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ನಮ್ಮ ಅಟೆಂಡರ್ ಇದಕ್ಕೊಂದು ಶಿಸ್ತು ತಂದಿದ್ದಾರೆ. ಸಂಜೆ ತೊಳೆದ ಮೇಲೆ ಎಲ್ಲ ನಟ್ ಸಡಿಲ ಮಾಡಿ, ತಲೆಕೆಳಗಾಗಿ ಸ್ಟ್ಯಾಂಡಿಗೆ ಹಾಕಿ ಹೋಗುತ್ತಾರೆ. ಬೆಳಿಗ್ಗೆ ಬಿಗಿ ಮಾಡಿ ನೀರು ತುಂಬಿ ಪರೀಕ್ಷೆ ಮಾಡುವುದು ಹುಡುಗರ ಕೆಲಸ. ‘ನಟ್ ಮುಟ್ಟಬೇಡಿ’ ಎಂದು ಬರೆದು ಅಂಟಿಸಿದ ಹಾಳೆ ಯಾವ ಕೆಲಸಕ್ಕೂ ಬರಲಿಲ್ಲ, ಈ ಪದ್ಧತಿ ಬಂತು.

ಎರಡನೆಯದು ಗೀರು. ಸರಿಯಾಗಿ ಕರಗದ ಆಕ್ಸಾಲಿಕ್ ಆಮ್ಲದ ಹರಳೋ, ಸೋಸದ ಪರ್ಮ್ಯಾಂಗನೇಟಿನ ಕಂದು ಕಣವೋ ಕೀಯ ಸಂದಿಗೆ ಸಿಕ್ಕರೆ ಟೆಫ್ಲಾನ್ ಮೇಲೆ ಸುತ್ತ ಗೀರು ಬೀಳುತ್ತದೆ. ಆ ಗೀರಿನ ಜಾಡು ಹಿಡಿದು ದ್ರಾವಣ ಸೋರುತ್ತದೆ. ಇದಕ್ಕೆ ಬಿಗಿಯುವುದು ಮದ್ದಲ್ಲ, ಕೀಯನ್ನೇ ಬದಲಿಸಬೇಕು. ದ್ರಾವಣವನ್ನು ಸೋಸಿ ತುಂಬುವುದು ಹೇಗೂ ಒಳ್ಳೆಯ ಅಭ್ಯಾಸ. ಮೂರನೆಯದು ನಾಜಲ್: ಇದರಲ್ಲಿ ಅದು ಕೊಳವೆಗೇ ಬೆಸೆದಿರುತ್ತದೆ, ಸಿಂಕಿಗೆ ತಗಲಿ ಮುರಿದರೆ ಇಡೀ ಬ್ಯುರೆಟ್ ಹೋದಂತೆ. ರಬ್ಬರಿನದರಲ್ಲಿ ಐದು ರೂಪಾಯಿಯ ನಾಜಲ್ ಬದಲಿಸಿದರೆ ಮುಗಿಯುತ್ತಿತ್ತು. ಆ ಒಂದು ವಿಷಯದಲ್ಲಿ ಮೋರ್ ಮಹಾಶಯನೇ ಗೆದ್ದ. ನಮ್ಮವು ಈವರೆಗೆ ಮೂರು ಹೋಗಿವೆ, ಮೂರೂ ಸಿಂಕಿನಲ್ಲಿ. ಅಟೆಂಡರ್ ಈಗ ಸಿಂಕಿನ ತಳಕ್ಕೆ ಹಳೆಯ ಕಾಲೊರಸು ಹಾಸಿದ್ದಾರೆ.

ಪರ್ಮ್ಯಾಂಗನೇಟ್ ಒಳಗೆ ಬಿಡುವ ಕಂದು ಕಲೆಯನ್ನು ಮಾತ್ರ ದೋಷದ ಪಟ್ಟಿಗೆ ಸೇರಿಸುವುದಿಲ್ಲ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಬ್ರಷ್ ಹಾಕಿ ಉಜ್ಜಿ ಕೈ ಸೋತ ಹುಡುಗರ ಎದುರಿಗೆ, ಗಂಧಕಾಮ್ಲ ಬೆರೆಸಿದ ಬೆಚ್ಚನೆಯ ಆಕ್ಸಾಲಿಕ್ ಆಮ್ಲ ಸ್ವಲ್ಪ ಸುರಿದು ತೋರಿಸಿ. ಕಲೆ ಕರಗಿ, ಸಣ್ಣ ಗುಳ್ಳೆಗಳೆದ್ದು, ಗಾಜು ಹೊಸದಾಗುತ್ತದೆ. ಬೆಳಿಗ್ಗೆ ಫ್ಲಾಸ್ಕಿನಲ್ಲಿ ಮಾಡಿದ ಕ್ರಿಯೆಯ ತಮ್ಮನೇ ಇದು ಎಂದು ಹೇಳಿ, ಆ ಗುಳ್ಳೆ ಯಾವ ಅನಿಲ ಎಂದು ಕೇಳಿ. ವೈವಾ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ.

ಕೊಟ್ಟ ಹಣಕ್ಕೆ ಪೂರ್ತಿ ಬೆಲೆ ಬಂದದ್ದು ನೀರಿನ ಗಡಸುತನ ಅಳೆದಾಗ. ನಮ್ಮ ಹುಡುಗರು ಪಾವಗಡ, ಮಧುಗಿರಿ, ಶಿರಾ ಕಡೆಯ ಹಳ್ಳಿಗಳಿಂದ ಬರುವವರು. ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರದಿರುವುದು, ಸ್ನಾನದ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದು ಅವರಿಗೆ ಪಾಠವಲ್ಲ, ಮನೆಯ ವಿಷಯ. ಮನೆಯಿಂದ ಒಂದೊಂದು ಬಾಟಲಿ ನೀರು ತನ್ನಿ ಎಂದೆ. ಬೋರ್‌ವೆಲ್ಲಿನದು, ಕೆರೆಯದು, ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು. ಒಬ್ಬ ಹುಡುಗ ತನ್ನ ಅಜ್ಜಿ ಮನೆಯ ತೆಂಗಿನ ತೋಟದ ಬಾವಿಯದನ್ನೂ ತಂದ. ಐವತ್ತು ಮಿ.ಲೀ. ನೀರು, ಪಿಎಚ್ ಹತ್ತರಲ್ಲಿ ನಿಲ್ಲಿಸುವ ಅಮೋನಿಯಾ ಬಫರ್, ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣದ ಸೂಚಕ. ದ್ರಾಕ್ಷಾರಸದ ಕೆಂಪು. ಬ್ಯುರೆಟ್‌ನಲ್ಲಿ 0.01 ಮೋಲಾರ್ ಇಡಿಟಿಎ (ಗಡಸುತನ ತರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುವ ರಾಸಾಯನಿಕ). ಇಲ್ಲಿ ಒಂದು ಮಿ.ಲೀ. ಇಡಿಟಿಎ ಎಂದರೆ ಲೀಟರಿಗೆ 20 ಮಿ.ಗ್ರಾಂ ಗಡಸುತನ, ಒಂದು ಹನಿ ಎಂದರೆ ಒಂದು ಮಿ.ಗ್ರಾಂ. ಲೆಕ್ಕ ಇಷ್ಟು ಸಲೀಸಾಗಿ ಕೂಡಿಬರುವ ಪ್ರಯೋಗ ಇನ್ನೊಂದಿಲ್ಲ.

ಈ ಟೈಟ್ರೇಶನ್‌ನಲ್ಲಿ ಕೊನೆಯ ಘಟ್ಟ ಸತಾಯಿಸುತ್ತದೆ. ಕೆಂಪು ನೇರಳೆಯಾಗಿ, ನೇರಳೆ ನೀಲಿಯತ್ತ ಜಾರಿ, ಕೆಂಪಿನ ಕೊನೆಯ ಎಳೆ ಹೋಗುವುದಕ್ಕೆ ಹನಿಹನಿಗೂ ಕೆಲವು ಸೆಕೆಂಡು ಕಾಯಬೇಕು. ಅವಸರ ಮಾಡಿದರೆ ಬಣ್ಣ ದಾಟಿ ಹೋದದ್ದು ತಿಳಿಯುವುದೇ ಇಲ್ಲ, ನೀಲಿ ನೀಲಿಯಾಗಿಯೇ ಇರುತ್ತದೆ. ಪಿಂಚ್‌ಕಾಕ್‌ನಲ್ಲಿ ಇದನ್ನು ಮಾಡಿಸಿದಾಗ ಒಂದೇ ಬಾಟಲಿಯ ನೀರಿಗೆ ಪ್ರತಿ ಜೋಡಿಯದೂ ಒಂದೊಂದು ಉತ್ತರ ಬರುತ್ತಿತ್ತು. ಈ ಸಲ ಒಂದೇ ನೀರನ್ನು ಮೂರು ಜೋಡಿಗಳಿಗೆ ಹೇಳದೆ ಕೊಟ್ಟು ನೋಡಿದೆ: 24.6, 24.5, 24.6 ಮಿ.ಲೀ. ಲೀಟರಿಗೆ 490 ಮಿ.ಗ್ರಾಂ ಆಸುಪಾಸು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅಪೇಕ್ಷಿತ ಮಿತಿ 200, ಬೇರೆ ಮೂಲವಿಲ್ಲದಿದ್ದರೆ 600ರ ತನಕ. ಆ ನೀರು ತಂದ ಹುಡುಗಿ ‘ಅದಕ್ಕೇ ಮೇಡಂ, ನಮ್ಮ ಮನೆಯಲ್ಲಿ ಬೇಳೆ ಬೇಯುವುದಿಲ್ಲ’ ಎಂದಳು. ಘಟಕದ ನೀರಿಗೆ ಎರಡು ಮಿ.ಲೀ. ಕೂಡ ಬೇಕಾಗಲಿಲ್ಲ; ಅಷ್ಟು ಚಿಕ್ಕ ರೀಡಿಂಗ್ ಮೇಲೆ ಎಷ್ಟು ನಂಬಿಕೆ ಇಡಬಹುದು ಎಂಬ ವಾದ ಗಂಟೆ ಹೊಡೆದ ಮೇಲೂ ನಡೆಯಿತು. ಹೆಚ್ಚು ನೀರು ತೆಗೆದುಕೊಂಡು ಮಾಡೋಣ ಎಂದು ಅವರೇ ಹೇಳಿದರು. ನಕಲು ಮಾಡಲು ಅಲ್ಲಿ ಯಾರ ಉತ್ತರವೂ ಇರಲಿಲ್ಲ, ಮಾಡುವ ಅಗತ್ಯವೂ ಬೀಳಲಿಲ್ಲ.

ಪರದೆಯ ಮೇಲಿನ ಟೈಟ್ರೇಶನ್ ಬಗ್ಗೆಯೂ ಕೇಳುತ್ತಾರೆ. ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ಉಚಿತವಾಗಿದೆ, ಕೊರೊನಾ ಕಾಲದಲ್ಲಿ ನಮಗೆಲ್ಲ ದಾರಿ ತೋರಿಸಿದ್ದೂ ಅಂಥವೇ. ಕ್ರಮ ಪರಿಚಯಿಸಲು, ಲೆಕ್ಕ ಅಭ್ಯಾಸ ಮಾಡಿಸಲು ಈಗಲೂ ಹಿಂದಿನ ದಿನ ನೋಡಿಕೊಂಡು ಬನ್ನಿ ಎನ್ನುತ್ತೇನೆ. ಆದರೆ ಪರದೆಯ ಬ್ಯುರೆಟ್ ಸೋರುವುದಿಲ್ಲ, ಅದರ ನಾಜಲಿನಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ, ತುಂಬಿದ ಮೇಲೆ ಫನೆಲ್ ತೆಗೆಯಲು ಮರೆತು ಅದರಿಂದ ಹನಿ ಬಿದ್ದು ರೀಡಿಂಗ್ ಕೆಡುವುದಿಲ್ಲ. ಕಲಿಕೆ ಇರುವುದು ಅಲ್ಲೇ. ಬ್ಯಾಟರಿಯ ಡಿಜಿಟಲ್ ಬ್ಯುರೆಟ್‌ಗಳೂ ಬಂದಿವೆ. ಒಂದರ ಬೆಲೆಗೆ ನಮ್ಮ ಇಡೀ ಲ್ಯಾಬಿಗೆ ಇವು ಬರುತ್ತವೆ. ಕಾರ್ಖಾನೆಯ ಪರೀಕ್ಷಾಲಯಕ್ಕೆ ಸರಿ, ಮೆನಿಸ್ಕಸ್ ಓದಲು ಕಲಿಯಬೇಕಾದವರಿಗೆ ಸಲ್ಲದು. ಅನುದಾನ ಬಂದಾಗ ಮೊದಲು ಪರದೆ ಇರುವ ಯಂತ್ರ ಕೊಳ್ಳುವ ಚಪಲ ನಮ್ಮ ಕಾಲೇಜುಗಳಿಗಿದೆ, ಉದ್ಘಾಟನೆಯ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು. ಒಳ್ಳೆಯ ಕೀ ಇರುವ ಬ್ಯುರೆಟ್ ಪ್ರತಿ ಜೋಡಿಗೊಂದು ಇಲ್ಲದ ಲ್ಯಾಬಿಗೆ ಆ ಯಂತ್ರ ಬರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವವರಿಗೆ ಕಡೆಯದಾಗಿ ಕೆಲವು ಮಾತು. ಇಂಡೆಂಟಿನಲ್ಲಿ (ಬೇಡಿಕೆ ಪಟ್ಟಿಯಲ್ಲಿ) ಬರೀ ‘ಬ್ಯುರೆಟ್, 50 ಮಿ.ಲೀ., 24’ ಎಂದು ಬರೆದರೆ ಕನಿಷ್ಠ ಕೊಟೇಶನ್ ಹಾಕಿದವರು ಸೋಡಾ ಗಾಜಿನ ರಬ್ಬರ್ ಬ್ಯುರೆಟ್ ಕಳಿಸುತ್ತಾರೆ, ಅದು ಅವರ ತಪ್ಪೂ ಅಲ್ಲ. ಬೋರೋಸಿಲಿಕೇಟ್, ಟೆಫ್ಲಾನ್ ಕೀ, ‘ಬಿ’ ದರ್ಜೆ, 0.1 ಮಿ.ಲೀ. ಗೆರೆ ಎಂದು ಬಿಡಿಸಿ ಬರೆಯಿರಿ. ಬಿಡಿ ಕೀ, ನಟ್, ವಾಷರ್‌ಗಳನ್ನು ಅದೇ ಆದೇಶದಲ್ಲಿ, ಅದೇ ಕಂಪನಿಯದಾಗಿ ತರಿಸಿಕೊಳ್ಳಿ. ಆರು ತಿಂಗಳ ನಂತರ ಕೇಳಿದರೆ ಅಂಗಡಿಯವರು ‘ಹೊಸ ಬ್ಯುರೆಟ್ ತೆಗೆದುಕೊಳ್ಳಿ’ ಎನ್ನುತ್ತಾರೆ, ಒಂದರ ಕೀ ಇನ್ನೊಂದಕ್ಕೆ ಕೂರುವ ಭರವಸೆಯಿಲ್ಲ. ಪೆಟ್ಟಿಗೆ ಬಿಚ್ಚಿದ ದಿನವೇ ಎಲ್ಲವನ್ನೂ ನೀರು ತುಂಬಿ, ಸೊನ್ನೆಗೆ ತಂದು, ಕೀ ಮುಚ್ಚಿ ಅರ್ಧ ಗಂಟೆ ನಿಲ್ಲಿಸಿ. ನಮ್ಮಲ್ಲಿ ಆಗ ಸೋರಿದವು, ತುದಿ ಒಡೆದು ಬಂದವು ಸೇರಿ ನಾಲ್ಕನ್ನು ವಾಪಸ್ ಕಳಿಸಿದೆವು. ಸರಬರಾಜು ಮಾಡಿದವರು ‘ದಾರಿಯಲ್ಲಿ ಒಡೆದದ್ದಕ್ಕೆ ನಾವು ಹೊಣೆಯಲ್ಲ’ ಎಂದು ಬಹಳ ದಿನ ಎಳೆದಾಡಿ, ಬಿಲ್ ಪಾಸಾಗುವುದು ತಡವಾಗುತ್ತದೆ ಎಂದು ತಿಳಿದ ಮೇಲೆ ಬದಲಿಸಿಕೊಟ್ಟರು. ಆದ್ದರಿಂದ ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಿಸುವುದು, ಬಿಲ್ಲಿಗೆ ಸಹಿ ಹಾಕುವುದು ಎರಡೂ ಆ ಅರ್ಧ ಗಂಟೆಯ ನಂತರ.